ಗಾಂಜಾ: ಮಗನನ್ನು ಕೇಳುವ ಮೊದಲು ನೀವು ತಿಳಿದುಕೊಳ್ಳಿ

ವಾಷಿಂಗ್ ಮೆಷಿನ್‌ಗೆ ಬಟ್ಟೆ ಹಾಕುವ ಮೊದಲು ಜೇಬು ತಡಕುವುದು ನಮ್ಮೆಲ್ಲರಿಗೂ ಅಭ್ಯಾಸ. ಚಿಲ್ಲರೆ ಸಿಗುತ್ತೆ, ಬಸ್ ಟಿಕೆಟ್ ಸಿಗುತ್ತೆ, ಒಮ್ಮೊಮ್ಮೆ ಐನೂರರ ನೋಟು ಸಿಕ್ಕಿ ಖುಷಿಯೂ ಆಗುತ್ತೆ. ನನ್ನ ಗೆಳತಿಯೊಬ್ಬಳಿಗೆ ಸಿಕ್ಕಿದ್ದು ತೆಳುವಾದ ಕಾಗದಗಳ ಒಂದು ಪುಟ್ಟ ಕಟ್ಟು, ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ಒಣಗಿದ ಹಸಿರು ಪುಡಿ. ಜೀನ್ಸ್ ಅವಳ ಮಗನದು. ಹುಡುಗ ಸೆಕೆಂಡ್ ಪಿಯುಸಿ. "ನೋಡೋಕೆ ಕಸೂರಿ ಮೇಥಿ ಥರ ಇದೆ ಕಣೇ, ವಾಸನೆ ಮಾತ್ರ ಬೇರೆ" ಅಂತ ಫೋನಿನಲ್ಲಿ ಹೇಳುವಾಗ ಅವಳ ದನಿ ನಡುಗುತ್ತಿತ್ತು.

ಅವತ್ತು ಹಗಲೆಲ್ಲ ಅವಳು ಮೊಬೈಲ್ ಹಿಡಿದೇ ಕೂತಳು. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ್ದು, ಯಾವುದೋ ವಿಡಿಯೋದಲ್ಲಿ ಕಂಡದ್ದು ಎಲ್ಲವನ್ನೂ ತಲೆಗೆ ತುಂಬಿಕೊಂಡಳು. ಸಂಜೆ ಮಗ ಬಂದ ಕೂಡಲೇ ಶುರು. "ಒಂದು ಸಲ ಸೇದಿದ್ರೂ ಹುಚ್ಚು ಹಿಡಿಯುತ್ತೆ. ಜಾಸ್ತಿ ಆದ್ರೆ ಸತ್ತೇ ಹೋಗ್ತೀಯ." ಹುಡುಗ ಅಳಲಿಲ್ಲ, ಹೆದರಲಿಲ್ಲ. ನಕ್ಕ! "ಅಮ್ಮ, ನಮ್ಮ ಕ್ಲಾಸಲ್ಲಿ ವರ್ಷದಿಂದ ಸೇದ್ತಿರೋರು ಇದಾರೆ. ಯಾರಿಗೂ ಹುಚ್ಚು ಹಿಡಿದಿಲ್ಲ, ಯಾರೂ ಸತ್ತಿಲ್ಲ. ಅಮೆರಿಕದಲ್ಲಿ ಲೀಗಲ್ಲು. ಕ್ಯಾನ್ಸರೇ ವಾಸಿಯಾಗುತ್ತೆ, ನೋಡು" ಅಂತ ತನ್ನ ಮೊಬೈಲ್ ತೋರಿಸಿದ. ಅಲ್ಲಿಗೆ ಮಾತು ಮುಗೀತು. ಆಮೇಲೆ ಹದಿನೈದು ದಿನ ಅಮ್ಮ ಏನು ಹೇಳಿದರೂ ಅವನ ಕಿವಿಗೆ ಬೀಳಲೇ ಇಲ್ಲ.

ತಮಾಷೆ ಅಂದರೆ ಅಮ್ಮ ಹೇಳಿದ್ದೂ ಪೂರ್ತಿ ನಿಜವಲ್ಲ, ಮಗ ಹೇಳಿದ್ದೂ ಪೂರ್ತಿ ನಿಜವಲ್ಲ. ಇಬ್ಬರೂ ಒಂದೇ ಮೊಬೈಲ್ ಸಂತೆಯಲ್ಲಿ ವ್ಯಾಪಾರ ಮಾಡಿಕೊಂಡು ಬಂದವರು. ಆದರೆ ನಷ್ಟ ಆಗಿದ್ದು ಅಮ್ಮನಿಗೇ. ಮಕ್ಕಳು ನಮ್ಮ ಒಂದು ಮಾತು ಸುಳ್ಳು ಅಂತ ಕಂಡುಹಿಡಿದರೆ ಸಾಕು, ನಾವು ಹೇಳುವ ಉಳಿದ ಒಂಬತ್ತು ನಿಜವನ್ನೂ ಅದರ ಜೊತೆ ಆಚೆ ಎಸೆದುಬಿಡುತ್ತಾರೆ.

ಗೆಳತಿಯ ಸಲುವಾಗಿ ನಾನೂ ಹುಡುಕಲು ಕೂತೆ. ನಾನು ಬಿ.ಎ. ಓದಿದವಳು, ವಿಜ್ಞಾನ ಎಸ್ಸೆಸ್ಸೆಲ್ಸಿಗೇ ಮುಗೀತು. ಆದರೂ ಸ್ವಲ್ಪ ತಾಳ್ಮೆಯಿದ್ದರೆ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಇದನ್ನೂ ಆರಿಸಬಹುದು ಅಂತ ಗೊತ್ತಾಯಿತು. ನಿಮಗೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಮಗಳಿದ್ದರೂ ಓದಿ. ಇದು ಬರೀ ಗಂಡುಮಕ್ಕಳ ಚಟ ಅನ್ನುವ ಕಾಲ ಹೋಯಿತು.

ಹುಡುಕುವ ಪದ ಯಾವುದು?

ಮೊದಲು ಪದ. ಕನ್ನಡದಲ್ಲಿ 'ಗಾಂಜಾ' ಅಂತ ಹುಡುಕಿ ನೋಡಿ. ಇಷ್ಟು ಕೆ.ಜಿ. ವಶ, ಇಬ್ಬರ ಬಂಧನ, ಜೋಳದ ಹೊಲದ ನಡುವೆ ಗಾಂಜಾ ಗಿಡ... ಬರೀ ಪೊಲೀಸ್ ಸುದ್ದಿ! ಹುಡುಗರು ಇದಕ್ಕೆ 'ಸೊಪ್ಪು', 'ಮಾಲು', 'ವೀಡ್', 'ಸ್ಟಫ್' ಅಂತೆಲ್ಲ ಹೇಳುತ್ತಾರೆ. (ಸೊಪ್ಪು ಅಂದರೆ ನಮಗೆ ದಂಟು, ಮೆಂತ್ಯ. ಫೋನಿನಲ್ಲಿ ಮಗ "ಸೊಪ್ಪು ಸಿಕ್ತಾ?" ಅಂದರೆ ಅಡುಗೆಗೆ ಸಹಾಯ ಮಾಡುತ್ತಿದ್ದಾನೆ ಅಂತ ಹಿಗ್ಗಬೇಡಿ.) ಆ ಪದಗಳಲ್ಲಿ ಹುಡುಕಿದರೆ ಮಾರುವವರು, ಹೊಗಳುವವರು ಸಿಗುತ್ತಾರೆ. ವಿಜ್ಞಾನಿಗಳೂ ವೈದ್ಯರೂ ಬಳಸುವ ಪದ 'ಕ್ಯಾನಬಿಸ್'. ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ 'ರಿವ್ಯೂ' ಅಂತ ಸೇರಿಸಿ ಹುಡುಕಿ. ಬರುವ ಪುಟಗಳ ಬಣ್ಣವೇ ಬದಲಾಗುತ್ತೆ.

ಇನ್ನು ಯಾರು ಬರೆದಿದ್ದಾರೆ ಅನ್ನುವುದು. ತರಕಾರಿಯವನನ್ನು "ಬದನೆಕಾಯಿ ಎಳೇದಾ?" ಅಂತ ಕೇಳಿದರೆ ಹುಳುಕಿದೆ ಅಂತ ಯಾವತ್ತಾದರೂ ಹೇಳಿದ್ದಾನಾ? ಕ್ಯಾನಬಿಸ್ ಎಣ್ಣೆ ಮಾರುವ ಕಂಪನಿಯ ಪುಟದಲ್ಲಿ ಗಾಂಜಾ ಸಂಜೀವಿನಿಯಾಗಿರುತ್ತೆ. ದುಬಾರಿ ಖಾಸಗಿ ಡಿ-ಅಡಿಕ್ಷನ್ ಸೆಂಟರಿನ ಜಾಹೀರಾತಿನಲ್ಲಿ ಅದೇ ಗಾಂಜಾ ಯಮಪಾಶವಾಗಿರುತ್ತೆ, "ಇವತ್ತೇ ಅಡ್ಮಿಟ್ ಮಾಡಿ" ಅಂತ ನಂಬರೂ ಇರುತ್ತೆ. ಇಬ್ಬರಿಗೂ ನಮ್ಮ ಹೆದರಿಕೆಯಿಂದಲೋ ಆಸೆಯಿಂದಲೋ ದುಡ್ಡು ಆಗಬೇಕು. ಹಾಗೆ ದುಡ್ಡಿನ ಲೆಕ್ಕ ಇಲ್ಲದವರನ್ನು ಹುಡುಕಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ದೆಹಲಿಯ ಏಮ್ಸ್‌ಗೆ ಸೇರಿದ ರಾಷ್ಟ್ರೀಯ ಮಾದಕವ್ಯಸನ ಚಿಕಿತ್ಸಾ ಕೇಂದ್ರವಿದೆ. ವಿಶ್ವ ಆರೋಗ್ಯ ಸಂಸ್ಥೆ ಇದೆ. ಅಮೆರಿಕ ಸರ್ಕಾರದ 'ನೈಡಾ' ಅನ್ನುವ ಸಂಸ್ಥೆ ಇದಕ್ಕೆಂದೇ ಇದೆ. ಇವರು ಬರೆದದ್ದರಲ್ಲಿ 'ಇರಬಹುದು', 'ಇನ್ನೂ ಖಚಿತವಿಲ್ಲ' ಅನ್ನುವ ಮಾತು ಪದೇ ಪದೇ ಬರುತ್ತೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು, ಒಂದು ಮಾತು ಖಡಾಖಂಡಿತ ಹೇಳಬಾರದಾ ಅಂತ. ಆಮೇಲೆ ಅನ್ನಿಸಿತು, ನಂಬಬಹುದಾದವರ ಗುರುತೇ ಅದು. 'ನೂರಕ್ಕೆ ನೂರು' ಅನ್ನುವವರನ್ನು ಕಂಡರೆ ಈಗ ನಾನು ದೂರ. ಮೊಬೈಲಿನ ಎಐ ಕೂಡ ತುಂಬಾ ಧೈರ್ಯದಿಂದ ಉತ್ತರ ಕೊಡುತ್ತೆ. ಕೇಳಿ, ತಪ್ಪಿಲ್ಲ. ಆದರೆ "ಇದನ್ನು ಹೇಳಿದ್ದು ಯಾರು?" ಅಂತಲೂ ಕೇಳಿ, ಅವರು ನಿಜವಾಗಿ ಹಾಗೆ ಹೇಳಿದ್ದಾರಾ ಅಂತ ನೀವೇ ತೆರೆದು ನೋಡಿ.

ಒಂದೇ ಒಂದು ಕಡೆ ಓದುವಷ್ಟು ಪುರುಸೊತ್ತಿದ್ದರೆ 2017ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮೀಸ್ ಹೊರತಂದ ವರದಿಯ ಸಾರಾಂಶ ಓದಿ. ಹತ್ತು ಸಾವಿರಕ್ಕೂ ಹೆಚ್ಚು ಸಂಶೋಧನಾ ಸಾರಾಂಶಗಳನ್ನು ಜಾಲಾಡಿ ಸುಮಾರು ನೂರು ತೀರ್ಮಾನ ಕೊಟ್ಟಿದ್ದಾರೆ. ಪ್ರತಿಯೊಂದರ ಪಕ್ಕದಲ್ಲೂ ಪುರಾವೆ ಗಟ್ಟಿಯಾ, ಮಧ್ಯಮವಾ, ಸಾಲದಾ ಅಂತ ದರ್ಜೆ ಇದೆ. ನಮ್ಮ ಮಾರ್ಕ್ಸ್ ಕಾರ್ಡಿನ ಹಾಗೆ! ಇದಾದ ಮೇಲೂ ಹೊಸ ಸಂಶೋಧನೆ ಬಂದಿವೆ, ಹಾಗಾಗಿ ಏನೇ ಓದಿದರೂ ಯಾವ ವರ್ಷದ್ದು ಅಂತ ನೋಡಿಕೊಳ್ಳಿ.

'ಆರು ಪಟ್ಟು' ಅಂದರೆ ಎಷ್ಟು?

ಈಗ ನನ್ನ ಗೆಳತಿಯ 'ಹುಚ್ಚು ಹಿಡಿಯುತ್ತೆ'ಗೆ ಬರೋಣ. ಇದರ ಹಿಂದೆ ನಿಜವಾದ ಸಂಶೋಧನೆ ಇದೆ. ಸ್ವೀಡನ್‌ನಲ್ಲಿ ಸೈನ್ಯಕ್ಕೆ ಸೇರಿದ 45,570 ಹುಡುಗರನ್ನು ಹದಿನೈದು ವರ್ಷ ಗಮನಿಸಿ 1987ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಐವತ್ತಕ್ಕೂ ಹೆಚ್ಚು ಸಲ ಗಾಂಜಾ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಕಾಯಿಲೆ, ಸೇದದವರಿಗಿಂತ ಆರು ಪಟ್ಟು ಹೆಚ್ಚು ಕಂಡಿತು.

ಆರು ಪಟ್ಟು! ಕೇಳಿದರೆ ಎದೆ ಝಲ್ ಅನ್ನುತ್ತೆ. ಆದರೆ ಯಾವುದರ ಆರು ಪಟ್ಟು ಅಂತ ಕೇಳಬೇಕು. ಈ ಕಾಯಿಲೆ ಸಾಮಾನ್ಯವಾಗಿ ನೂರು ಜನರಲ್ಲಿ ಒಬ್ಬರಿಗೂ ಬರುವುದಿಲ್ಲ. ಅದರ ಆರು ಪಟ್ಟು ಅಂದರೂ ಸೇದುವ ಹುಡುಗರಲ್ಲಿ ಬಹುಪಾಲು ಮಂದಿಗೆ ಬರುವುದಿಲ್ಲ. ಮಗ ಹೇಳಿದ "ಯಾರಿಗೂ ಹುಚ್ಚು ಹಿಡಿದಿಲ್ಲ" ಅನ್ನುವ ಮಾತು ಅವನ ಕ್ಲಾಸಿನ ಮಟ್ಟಿಗೆ ನಿಜವೇ ಇರಬಹುದು. ಇನ್ನೊಂದು, ಮೆಂತ್ಯದ ನೀರು ಕುಡಿದ ತಿಂಗಳಲ್ಲೇ ಪಕ್ಕದ ಮನೆಯವರು ಮೂರು ಕೆ.ಜಿ. ಇಳಿದರು ಅಂತಿಟ್ಟುಕೊಳ್ಳಿ, ಅದೇ ತಿಂಗಳು ಅವರು ವಾಕಿಂಗೂ ಶುರು ಮಾಡಿದ್ದರು. ತೂಕ ಇಳಿಸಿದ್ದು ಯಾವುದು? ಸ್ವೀಡನ್ನಿನವರೂ ಇದನ್ನು ಯೋಚಿಸಿದ್ದರು. ಮನೆಯ ಪರಿಸ್ಥಿತಿ, ಮೊದಲೇ ಇದ್ದ ಮಾನಸಿಕ ತೊಂದರೆ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡಾಗ ಅಪಾಯದ ಸಂಖ್ಯೆ ಇಳಿಯಿತು. ಆದರೆ ಮಾಯವಾಗಲಿಲ್ಲ. ಆಮೇಲೆ ಬೇರೆ ದೇಶಗಳಲ್ಲಿ ನಡೆದ ಸಂಶೋಧನೆಗಳೂ ಅದೇ ದಿಕ್ಕಿಗೆ ಬೆರಳು ತೋರಿಸಿವೆ. 2017ರ ವರದಿಯಲ್ಲಿ ಇದಕ್ಕೆ ಸಿಕ್ಕಿದ್ದು 'ಗಟ್ಟಿ ಪುರಾವೆ'ಯ ದರ್ಜೆ. ಹೆಚ್ಚು ಸೇದಿದಷ್ಟೂ ಅಪಾಯ ಹೆಚ್ಚು.

ಹಾಗಾದರೆ ಮಗನಿಗೆ ಏನು ಹೇಳಬೇಕು? "ಹುಚ್ಚು ಹಿಡಿಯುತ್ತೆ" ಅಂತಲ್ಲ. "ಎಲ್ಲರಿಗೂ ಆಗಲ್ಲ, ಕೆಲವರಿಗೆ ಆಗುತ್ತೆ. ಆ ಕೆಲವರು ಯಾರು ಅಂತ ಮೊದಲೇ ಹೇಳುವ ಟೆಸ್ಟ್ ಇಲ್ಲ. ನಮ್ಮ ಮನೆತನದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇದ್ದಿದ್ದರೆ ನಿನಗೆ ಅಪಾಯ ಹೆಚ್ಚು" ಅಂತ. ನಮ್ಮ ಮನೆಗಳಲ್ಲಿ ಇದನ್ನು ಬಚ್ಚಿಡುವುದೇ ಜಾಸ್ತಿ. ಊರಲ್ಲಿ ಕೋಣೆ ಬಿಟ್ಟು ಬರದೆ ಇದ್ದ ಚಿಕ್ಕಪ್ಪನ ಬಗ್ಗೆ ಮಕ್ಕಳಿಗೆ ಹೇಳಿರುವುದೇ ಇಲ್ಲ. ನಾಚಿಕೆ ಬಿಟ್ಟು ಹೇಳಿ. ನಿಮ್ಮ ಮಗುವಿಗೆ ಗೊತ್ತಿರಲೇಬೇಕಾದ ಮಾಹಿತಿ ಅದು.

ಬುದ್ಧಿ ಮಂಕಾಗುತ್ತೆ ಅನ್ನುವ ವಿಷಯವೂ ಹೀಗೇ. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1,037 ಮಂದಿಯನ್ನು ಹುಟ್ಟಿದಾಗಿನಿಂದ 38 ವರ್ಷದವರೆಗೆ ಗಮನಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಹದಿಹರೆಯದಲ್ಲಿ ಶುರು ಮಾಡಿ ವರ್ಷಗಟ್ಟಲೆ ಬಿಡದೆ ಸೇದಿದವರ ಐಕ್ಯೂ ಸುಮಾರು ಎಂಟು ಅಂಕ ಇಳಿದಿತ್ತು. ಪೇಪರುಗಳಲ್ಲೆಲ್ಲ ದೊಡ್ಡ ಸುದ್ದಿ. ಆದರೆ 2016ರಲ್ಲಿ ಅಮೆರಿಕದಲ್ಲಿ ಅವಳಿ ಮಕ್ಕಳನ್ನು ಹೋಲಿಸಿ ನೋಡಿದಾಗ ಸೇದುವ ಅವಳಿಗೂ ಸೇದದ ಅವಳಿಗೂ ಐಕ್ಯೂ ಇಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮನೆಯ ವಾತಾವರಣವೋ ಹುಟ್ಟುಗುಣವೋ ಕಾರಣವಿರಬಹುದು. ಹಾಗಾಗಿ ಐಕ್ಯೂ ಮಾತನ್ನು ನಾನು ಕೈಬಿಟ್ಟೆ. ವಾದಕ್ಕೆ ನಿಲ್ಲುವ ಹುಡುಗನ ಮುಂದೆ ಅದು ನಿಲ್ಲುವುದಿಲ್ಲ. ಅದರ ಬದಲು, ಸೇದಿದ ಹೊತ್ತಿನಲ್ಲಿ ನೆನಪು, ಗಮನ, ಕಲಿಕೆ ಮೂರೂ ಕುಗ್ಗುತ್ತವೆ ಅನ್ನುವುದಕ್ಕೆ ಸಾಕಷ್ಟು ಪುರಾವೆ ಇದೆ. ಬೋರ್ಡ್ ಎಕ್ಸಾಮ್, ಸಿಇಟಿ ಇಟ್ಟುಕೊಂಡ ಹುಡುಗನಿಗೆ ಅಷ್ಟು ಸಾಲದೇ? ಗಾಡಿ ಓಡಿಸಿದರೆ ಅಪಘಾತದ ಅಪಾಯ ಹೆಚ್ಚು ಅನ್ನುವುದಕ್ಕೂ ಗಟ್ಟಿ ಪುರಾವೆಯೇ ಇದೆ. ಸಂಜೆ ಬೈಕ್ ಕೀ ಕೊಡುವ ಮೊದಲು ನನಗೆ ಎಲ್ಲಕ್ಕಿಂತ ಇದೇ ನೆನಪಿಗೆ ಬರುತ್ತೆ.

ಮಗನ ಮೊಬೈಲಿನಲ್ಲಿ ಇದ್ದದ್ದು

ಇನ್ನು ಹುಡುಗ ಹೇಳಿದ್ದು. ಗಾಂಜಾ ಅತಿಯಾಗಿ ಅದೊಂದರಿಂದಲೇ ಸತ್ತೇಹೋಗುವುದು ಹೆಂಡ, ಹೆರಾಯಿನ್‌ಗಳ ಹಾಗೆ ಕಾಣುವಂಥದ್ದಲ್ಲ ಅನ್ನುವುದು ನಿಜ. ಒಪ್ಪಿಕೊಳ್ಳಿ. ಒಪ್ಪಿಕೊಂಡರೆ ಮಗನ ಕಣ್ಣಲ್ಲಿ ನಿಮ್ಮ ಮಾತಿಗೆ ಬೆಲೆ ಬರುತ್ತೆ. 'ಕ್ಯಾನ್ಸರ್ ವಾಸಿ' ಅನ್ನುವುದಕ್ಕೆ ಮಾತ್ರ ಆ ವರದಿಯಲ್ಲಿ ಸಿಕ್ಕಿದ್ದು 'ಪುರಾವೆ ಸಾಲದು'. ಕೀಮೋಥೆರಪಿಯ ವಾಕರಿಕೆಗೆ ಇದರ ಅಂಶವಿರುವ ಮಾತ್ರೆ ಕೊಡುತ್ತಾರೆ. ಮಕ್ಕಳ ಅಪರೂಪದ ಎರಡು ಬಗೆಯ ಫಿಟ್ಸ್‌ಗೆ ಈ ಗಿಡದ 'ಸಿಬಿಡಿ' ಅನ್ನುವ ಅಂಶದ ಔಷಧಿಗೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅಮಲು ಬರಿಸುವ ಅಂಶ ಬೇರೆ, ಅದರ ಹೆಸರು 'ಟಿಎಚ್‌ಸಿ'. ನಾವು ಗಸಗಸೆ ಪಾಯಸ ಮಾಡುತ್ತೇವಲ್ಲ, ಆ ಗಿಡದಿಂದಲೇ ಅಫೀಮು, ಅದರಿಂದಲೇ ಮಾರ್ಫೀನ್. ಡಾಕ್ಟರು ಅಳತೆ ಮಾಡಿ ಮಾರ್ಫೀನ್ ಕೊಡುತ್ತಾರೆ ಅಂತ ಯಾರಾದರೂ ಅಫೀಮು ತಿನ್ನಲು ಹೋಗುತ್ತಾರಾ?

"ಶಿವನ ಪ್ರಸಾದ, ಭಂಗಿ ನಮ್ಮ ಸಂಸ್ಕೃತಿ" ಅನ್ನುವವರೂ ಇದ್ದಾರೆ. ಉತ್ತರ ಕರ್ನಾಟಕದ ಕೆಲವು ಶರಣ, ಅವಧೂತ ಪರಂಪರೆಗಳಲ್ಲಿ ಬಳಕೆ ಇದೆ, ಸುಳ್ಳಲ್ಲ. ಆದರೆ ಗಾಂಜಾದ ತೀವ್ರತೆ ಎಲ್ಲ ಕಡೆ, ಎಲ್ಲ ಕಾಲಕ್ಕೂ ಒಂದೇ ಅಲ್ಲ. ಅಮೆರಿಕದಲ್ಲಿ ವಶಪಡಿಸಿಕೊಂಡ ಮಾಲಿನಲ್ಲಿ ಟಿಎಚ್‌ಸಿ 1995ರಲ್ಲಿ ಶೇ 4ರಷ್ಟಿದ್ದದ್ದು 2014ಕ್ಕೆ ಶೇ 12ರಷ್ಟಾಗಿತ್ತು. ತೆಳು ಕಾಫಿಗೂ ಗಟ್ಟಿ ಡಿಕಾಕ್ಷನ್ನಿಗೂ ಇರುವಷ್ಟು ವ್ಯತ್ಯಾಸ. ನಮ್ಮ ಹುಡುಗರ ಕೈಗೆ ಬರುವ ಪೊಟ್ಟಣದಲ್ಲಿ ಎಷ್ಟಿದೆ ಅಂತ ಕೊಟ್ಟವನಿಗೂ ಗೊತ್ತಿರುವುದಿಲ್ಲ. ಇಲ್ಲಿ ಬಹಳ ಮಂದಿ ಸಿಗರೇಟಿನ ಹೊಗೆಸೊಪ್ಪು ಬೆರೆಸಿ ಸೇದುತ್ತಾರೆ. ಹಾಗಾಗಿ ಒಂದು ಚಟದ ಜೊತೆ ಇನ್ನೊಂದು ಪುಕ್ಕಟೆ.

'ಅಮೆರಿಕದಲ್ಲಿ ಲೀಗಲ್' ಅನ್ನುವುದಕ್ಕೆ ಉತ್ತರ ಸುಲಭ. ಕೆನಡಾ 2018ರಲ್ಲಿ ಅನುಮತಿ ಕೊಟ್ಟಿತು, ಅಮೆರಿಕದ ಹಲವು ರಾಜ್ಯಗಳೂ ಕೊಟ್ಟಿವೆ. ಮೋಜಿಗೆ ಬಳಸಲು ಅಲ್ಲಿನ ರಾಜ್ಯಗಳಲ್ಲಿ 21 ವರ್ಷ ತುಂಬಿರಬೇಕು. ಕಾನೂನು ಸಡಿಲಿಸಿದವರೂ ಪಿಯುಸಿ ಹುಡುಗನ ಕೈಗೆ ಕೊಟ್ಟಿಲ್ಲ! ಯಾಕೆಂದರೆ ಮೆದುಳು ಇಪ್ಪತ್ತೈದರ ಹತ್ತಿರದವರೆಗೂ ಬೆಳೆಯುತ್ತಲೇ ಇರುತ್ತೆ. ನೈಡಾದ ಆಗಿನ ನಿರ್ದೇಶಕಿ ನೋರಾ ವೋಲ್ಕೊ ಮತ್ತು ಸಂಗಡಿಗರು 2014ರಲ್ಲಿ ಬರೆದ ಪ್ರಕಾರ, ಗಾಂಜಾ ಮುಟ್ಟಿದವರಲ್ಲಿ ಸುಮಾರು ಶೇ 9 ಮಂದಿ ಚಟಕ್ಕೆ ಬೀಳುತ್ತಾರೆ, ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಆರು ಮಂದಿಗೆ ಒಬ್ಬರು. "ಇದಕ್ಕೆ ಅಡಿಕ್ಟ್ ಆಗಲ್ಲ ಅಮ್ಮ" ಅನ್ನುವ ಮಾತಿಗೆ ಈ ಒಂದು ಲೆಕ್ಕ ಸಾಕು. ನಮ್ಮ ದೇಶದ್ದೇ ಬೇಕಾದರೆ ಏಮ್ಸ್ ಕೇಂದ್ರ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ 2019ರ ವರದಿ ಇದೆ. ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ, ಚರಸ್ ಯಾವುದಾದರೂ ಬಳಸಿದವರು ಸುಮಾರು 3.1 ಕೋಟಿ. ಅವರಲ್ಲಿ ಸಹಾಯ ಬೇಕಾಗುವಷ್ಟು ತೊಂದರೆಗೆ ಸಿಲುಕಿದವರು ಸುಮಾರು 72 ಲಕ್ಷ. ನಿಮ್ಮ ಮನೆಗೆ ಮಾತ್ರ ಬಂದ ಕಷ್ಟವಲ್ಲ ಇದು.

ಯಾರ ಬಳಿ ಹೋಗುವುದು?

ಮೆಡಿಕಲ್ ಶಾಪಿನಲ್ಲಿ, ಆನ್‌ಲೈನ್‌ನಲ್ಲಿ ಮೂತ್ರ ಪರೀಕ್ಷೆಯ ಕಿಟ್ ಸಿಗುತ್ತೆ. ಮಗನಿಗೆ ಗೊತ್ತಾಗದ ಹಾಗೆ ಮಾಡಿಬಿಡೋಣ ಅಂತ ನನ್ನ ಗೆಳತಿಗೂ ಅನ್ನಿಸಿತ್ತು. ಅದು ಹೇಳುವುದು ತುಂಬಾ ಕಡಿಮೆ. ಅಪರೂಪಕ್ಕೆ ಸೇದಿದವರಲ್ಲಿ ಮೂರ್ನಾಲ್ಕು ದಿನ, ದಿನಾ ಸೇದುವವರಲ್ಲಿ ಬಿಟ್ಟು ತಿಂಗಳಾದರೂ ಪಾಸಿಟಿವ್ ತೋರಿಸಬಹುದು. ಯಾವಾಗ ಸೇದಿದ, ಎಷ್ಟು ಸೇದಿದ, ಚಟ ಹತ್ತಿದೆಯಾ ಅಂತ ಅದು ಹೇಳುವುದಿಲ್ಲ. ಬಿಟ್ಟಿದ್ದೇನೆ ಅಂತ ನಿಜವನ್ನೇ ಹೇಳುವ ಹುಡುಗನನ್ನು ಕಳ್ಳನನ್ನಾಗಿ ಮಾಡಿಬಿಡುತ್ತೆ. ಪರೀಕ್ಷೆ ಬೇಕಾ ಬೇಡವಾ ಅಂತ ಡಾಕ್ಟರು ಹೇಳಲಿ.

ಪೊಲೀಸ್ ಕೇಸ್ ಆಗಿಬಿಟ್ಟರೆ ಅನ್ನುವ ಹೆದರಿಕೆಯಿಂದಲೇ ಎಷ್ಟೋ ತಾಯಂದಿರು ಸುಮ್ಮನಿರುತ್ತಾರೆ. 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಸೇದುವುದಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಹತ್ತು ಸಾವಿರದವರೆಗೆ ದಂಡ ಅಥವಾ ಎರಡೂ ಆಗಬಹುದು ಅನ್ನುವುದು ಸರಿ. ಆದರೆ ಅದೇ ಕಾಯ್ದೆಯ 64ಎ ಕಲಂ ಓದಿ. ಚಟಕ್ಕೆ ಬಿದ್ದವರು ತಾವಾಗಿಯೇ ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಪೂರ್ತಿ ಮಾಡಿಕೊಂಡರೆ ಸೇದಿದ್ದಕ್ಕೆ, ಸಣ್ಣ ಪ್ರಮಾಣ ಇಟ್ಟುಕೊಂಡಿದ್ದಕ್ಕೆ ಮೊಕದ್ದಮೆಯಿಂದ ರಕ್ಷಣೆ ಇದೆ. ಮಾರಾಟ ಮಾಡಿದವರಿಗೆ ಈ ರಿಯಾಯಿತಿ ಇಲ್ಲ. ಚಿಕಿತ್ಸೆಯ ವಿಷಯ ಗುಟ್ಟಾಗಿಡಿ ಅಂತ ಕೇಳುವ ಹಕ್ಕು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿದೆ. ಖಾಸಗಿ ಸೆಂಟರಿಗೆ ಸೇರಿಸುವುದಾದರೆ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಅನ್ನಿ. ಸಂಕೋಚ ಬೇಡ. ಮನೆಯಿಂದ ಎತ್ತಿಕೊಂಡು ಹೋಗಿ ಕೂಡಿಹಾಕುತ್ತೇವೆ, ಮೂರು ತಿಂಗಳು ಭೇಟಿ ಇಲ್ಲ ಅನ್ನುವ ಕಡೆ ಖಂಡಿತ ಬೇಡ.

ಮೊದಲು ಫೋನಿನಲ್ಲಿ ಕೇಳಬೇಕು ಅನ್ನಿಸಿದರೆ 14416ಕ್ಕೆ ಕರೆ ಮಾಡಿ. ಇದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಚಟ ಬಿಡಿಸುವುದಕ್ಕೆಂದೇ ಇರುವ ಕೇಂದ್ರ ಸರ್ಕಾರದ ಸಹಾಯವಾಣಿ 14446. ಬೆಂಗಳೂರಿನ ಸುತ್ತಮುತ್ತಲಿನವರಿಗೆ ನಿಮ್ಹಾನ್ಸ್, ಹುಬ್ಬಳ್ಳಿ-ಧಾರವಾಡದ ಕಡೆಯವರಿಗೆ ಡಿಮ್ಹಾನ್ಸ್ ಇದೆ. ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವಾಗಿನಿಂದ, ವಾರಕ್ಕೆ ಎಷ್ಟು ಸಲ, ನಿದ್ದೆ ಊಟ ಹೇಗಿದೆ, ಯಾರೋ ನನ್ನನ್ನು ನೋಡ್ತಿದಾರೆ, ನನ್ನ ಬಗ್ಗೆನೇ ಮಾತಾಡ್ತಿದಾರೆ ಅಂತೇನಾದರೂ ಹೇಳುತ್ತಾನಾ, ಮನೆತನದಲ್ಲಿ ಯಾರಿಗಾದರೂ ಕಾಯಿಲೆ ಇತ್ತಾ. ಪದೇ ಪದೇ ವಾಂತಿಯಾಗಿ, ಬಿಸಿನೀರು ಸುರಿದುಕೊಂಡರೆ ಮಾತ್ರ ಆರಾಮ ಅನ್ನುತ್ತಿದ್ದರೆ ಅದನ್ನೂ ಬರೆಯಿರಿ. ಬಹಳ ಕಾಲ ಗಾಂಜಾ ಸೇದಿದವರಲ್ಲಿ ಕಾಣುವ ಲಕ್ಷಣ ಅದು. ಗಾಂಜಾ ಬಿಡಿಸಲು ಅಂತಲೇ ಒಪ್ಪಿಗೆ ಸಿಕ್ಕ ಮಾತ್ರೆ ಯಾವುದೂ ಇಲ್ಲ. ಇರುವುದು ಮಾತಿನ ಚಿಕಿತ್ಸೆ, ಕೌನ್ಸೆಲಿಂಗ್. ಹಾಗಾಗಿ "ಒಂದು ಪುಡಿ ಕೊಡ್ತೀವಿ, ಅವನಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ" ಅನ್ನುವ ಜಾಹೀರಾತುಗಳನ್ನು ಅಲ್ಲೇ ಬಿಟ್ಟು ಮುಂದೆ ಹೋಗಿ.

ನನ್ನ ಗೆಳತಿ ಹದಿನೈದು ದಿನ ಬಿಟ್ಟು ಮತ್ತೆ ಮಗನ ಹತ್ತಿರ ಕೂತಳು. ಈ ಸಲ ಊಟವಾದ ಮೇಲೆ, ಅವರ ಯಜಮಾನರು ಮನೆಯಲ್ಲಿ ಇಲ್ಲದಾಗ. "ಅವತ್ತು ನಾನು ಹೇಳಿದ್ದರಲ್ಲಿ ಎರಡು ತಪ್ಪಿತ್ತು ಕಣೋ" ಅಂತಲೇ ಶುರು ಮಾಡಿದಳಂತೆ. ಹುಡುಗ ಮೊಬೈಲ್ ಕೆಳಗಿಟ್ಟ. ಆರು ಮಂದಿಗೆ ಒಬ್ಬರು ಅನ್ನುವುದನ್ನು ಕೇಳಿ ಸುಮ್ಮನೆ ಬೆರಳು ಎಣಿಸಿದನಂತೆ, ಅವನ ಗುಂಪಿನಲ್ಲಿ ಇರುವವರು ಏಳು ಜನ. ಆಮೇಲೆ ತಲೆ ತಗ್ಗಿಸಿ ಕೇಳಿದ್ದು, "ಬಿಟ್ರೆ ನಿದ್ದೆ ಬರಲ್ಲ ಅಮ್ಮ. ಹೋದ ತಿಂಗಳು ಬಿಟ್ಟು ನೋಡಿದ್ದೆ. ಹಿಂಗೇ ಇರುತ್ತಾ?"

ಅವಳಿಗೆ ಉತ್ತರ ಗೊತ್ತಿತ್ತು. ಬಿಟ್ಟ ಒಂದೆರಡು ದಿನಕ್ಕೇ ಸಿಡಿಮಿಡಿ, ನಿದ್ದೆಗೇಡು, ಊಟ ಸೇರದಿರುವುದು ಶುರುವಾಗುತ್ತೆ. ಮೊದಲ ವಾರ ಜೋರು, ಎರಡು ವಾರದಲ್ಲಿ ಬಹಳಷ್ಟು ಇಳಿಯುತ್ತೆ. "ಒಂದು ವಾರ ಕಷ್ಟ. ಆಮೇಲೆ ಕಡಿಮೆಯಾಗ್ತಾ ಬರುತ್ತೆ. ಗುರುವಾರ ಡಾಕ್ಟರ ಹತ್ರ ಹೋಗೋಣ, ನಾನೂ ಬರ್ತೀನಿ" ಅಂದಳಂತೆ.